ಹನ್ನೆರಡು ಉಂಡಿ, ಒಬ್ಬ ಕಳ್ಳ

ಪಂಚಮಿ ಮರುದಿನ ಬಸವಕಲ್ಯಾಣದಿಂದ ಹುಮನಾಬಾದಿಗೆ ಹೊಂಟ ಜೀಪಿನಾಗ ನನ್ನ ಬಾಜೂಕ ಒಬ್ಬ ಆಯಿ ಕೂತಿದ್ದಳು. ಮಗಳ ಮನಿಗೆ ಶೇಂಗಾ ಉಂಡಿ ಗಂಟು ಒಯ್ಯಾಕತ್ತಿದ್ದಳು.

"ಎಷ್ಟು ಅವ ಆಯಿ?"

"ಹನ್ನೆರಡು. ಮನ್ಯಾಗ ಹುಡುಗ್ರು ಇಬ್ಬರಿರಲಿ, ಮೂವರಿರಲಿ, ನಾಕ ಮಂದಿ ಇರಲಿ, ಸಮ ಪಾಲಾಗ್ತಾವ. ಹೋದ ವರ್ಷ ಒಂದು ಉಳದು, ದೊಡ್ಡಾವ ಕಸಕೊಂಡ, ಸಣ್ಣಾಕಿ ದಿನಾ ಪೂರ್ತಿ ಅತ್ತಳು."

ಸುಮ್ನ ಕೂಡೂದು ನನಗ ಆಗಂಗಿಲ್ಲ. ಆಕಿ ಹೊರಗ ನೋಡೂ ಹೊತ್ತಿಗೆ ಗಂಟಿನ ಸಂದ್ಯಾಗಿಂದ ಒಂದು ತಗದು ಬಾಯಾಗ ಹಾಕ್ಕೊಂಡೆ.

ಇಳಿದ ಮ್ಯಾಲ ಆಯಿ ಎಣಿಸಿದಳು, ಶೇಂಗಾ ಪುಡಿ ಹತ್ತಿದ ನನ್ನ ಗಲ್ಲ ನೋಡಿದಳು. ಬೈಲಿಲ್ಲ. "ಹನ್ನೊಂದು ಯಾರಿಗೂ ಪಾಲಾಗಂಗಿಲ್ಲೋ ತಮ್ಮಾ" ಅಂದಳು ಅಷ್ಟ.

ಎರಡು, ಮೂರು, ನಾಕು ಹನ್ನೆರಡರ ಅಪವರ್ತನ, ಹನ್ನೆರಡು ಅವುಗಳ ಅಪವರ್ತ್ಯ ಅಂತ ಸಾಲ್ಯಾಗ ಮಾಸ್ತರ್ರು ಬರಸಿದಾಗ ನಾನು ಅವು ಎರಡು ಪಾಠ ಅಂದ್ಕೊಂಡು ಎರಡರಾಗೂ ನಪಾಸಾಗಿದ್ದೆ. ಆಯಿ ಗಂಟಿನಾಗ ಅದು ಒಂದ ಪಾಠ ಇತ್ತು. ಹುಡುಗ್ರ ಕಡಿಂದ ನೋಡಿದ್ರ ಅಪವರ್ತನ, ಉಂಡಿ ಕಡಿಂದ ನೋಡಿದ್ರ ಅಪವರ್ತ್ಯ.

ನಾಚಿಕಿ ಆಗಿ ಗಂಟು ಹೊತ್ತು ಆಕಿ ಮಗಳ ಮನಿತನಕ ಹೋದೆ. ಮೂವರು ಹುಡುಗ್ರಿದ್ದರು. ಮೂರ್ಮೂರು ಕೊಟ್ಟ ಮ್ಯಾಲ ಎರಡು ಉಳದ್ವು. ಸಣ್ಣಾಕಿ ತುಟಿ ನಡುಗಾಕತ್ತಿತ್ತು.

"ಇವು ನಮ್ಮಂಥ ದೊಡ್ಡವ್ರವು" ಅಂತ ಆಯಿ ಒಂದು ತಾನು ಇಟ್ಕೊಂಡು, ಇನ್ನೊಂದು ನನ್ನ ಕೈಯಾಗ ಹಾಕಿದಳು. ಸಣ್ಣಾಕಿ ನಕ್ಕಳು.

ಮರುವರ್ಷ ಜೀಪಿನಾಗ ಮತ್ತ ಸಿಕ್ಕಳು. ಹದಿಮೂರು ತಂದಿದ್ದಳು.

"ಹದಿಮೂರೂ ಪಾಲಾಗಂಗಿಲ್ಲಲ್ಲ ಆಯಿ?"

ಒಂದು ತಗದು ನನ್ನ ಕೈಗಿಟ್ಟಳು. "ಕಳ್ಳಂದು ಮೊದಲ ಕೊಟ್ರ ಪಾಲಾಗ್ತಾವ. ತಿನ್ನು."