ಸೇತುರಾಮಯ್ಯನವರ ಟೋನು

ರಾಜಾಜಿನಗರದ ಸುತ್ತಮುತ್ತ ಗಿಟಾರಿನ ವಾಲ್ವ್ ಆಂಪ್ಲಿಫೈಯರ್ ಕೆಟ್ಟರೆ ಸೇತುರಾಮಯ್ಯನವರ ಮನೆಗೆ ಹೊತ್ತು ತರುತ್ತಿದ್ದರು. ಕೆಡದೇ ಇದ್ದದ್ದನ್ನು ಅವರೇ ಕೇಳಿ ತರಿಸಿಕೊಳ್ಳುತ್ತಿದ್ದರು. ಕಾರ್ಖಾನೆಯಲ್ಲಿ ದಿನವಿಡೀ ತಗಡು ಬಡಿಯುವ ಪ್ರೆಸ್ ಶಾಪಿನ ಕೆಲಸ ಮುಗಿಸಿ ಬಂದವರೇ, ಕಾಫಿಗೂ ಮೊದಲು ಪೆನ್ಸಿಲ್ಲಿನಿಂದ ಗಾಜಿನ ವಾಲ್ವುಗಳನ್ನು ಒಂದೊಂದಾಗಿ ತಟ್ಟಿ, ಡಾಕ್ಟರರ ಹಾಗೆ ಹುಬ್ಬು ಗಂಟಿಕ್ಕುತ್ತಿದ್ದರು. ಕಂಡೆನ್ಸರ್ ಬದಲಿಸಿ ಗುಂಯ್‌ಗುಡುವುದನ್ನು ನಿಲ್ಲಿಸುವುದು ಅವರಿಗೆ ನೀರು ಕುಡಿದಷ್ಟು ಸುಲಭ. ಅಷ್ಟಕ್ಕೇ ಬಿಟ್ಟಿದ್ದರೆ ಬೀದಿಯೆಲ್ಲ ನೆಮ್ಮದಿಯಾಗಿರುತ್ತಿತ್ತು. "ರಿಪೇರಿ ಯಾರು ಬೇಕಾದ್ರೂ ಮಾಡ್ತಾರೆ ಕಣ್ರೀ, ಟೋನ್ ಬರ್ಬೇಕು, ಟೋನ್!" ಎಂದು ಮತ್ತೆ ಬಿಚ್ಚುತ್ತಿದ್ದರು. ಸ್ಪೀಕರನ್ನು ಅಕ್ಕಿ ಡಬ್ಬದ ಮೇಲಿಟ್ಟು, ದೇವರ ಮನೆಯಲ್ಲಿಟ್ಟು ಕೇಳಿ, "ಇನ್ನೂ ಮಂಕು" ಎಂದು ಕೀಚಲು ಸ್ವರದ ಟ್ರೆಬಲ್ ಏರಿಸುತ್ತಿದ್ದರು. ಪಕ್ಕದ ಮನೆ ನಾಯಿ ಊಳಿಡುತ್ತಿತ್ತು. ಕರೆದರೂ ತಿರುಗದ ಗಂಡನಿಗೆ ಟೋನಿನ ಹುಚ್ಚು ಹಿಡಿದಿದೆ ಎಂದು ತುಂಗಮ್ಮ ಕಿವಿಗೆ ಸೆರಗು ಒತ್ತಿಕೊಳ್ಳುತ್ತಿದ್ದರು. ಗಣೇಶನ ಹಬ್ಬದ ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸುವ ಲಕ್ಷ್ಮೀಪತಿ ಮಾತ್ರ ಪ್ರತಿ ಸಲವೂ ತಂತಿ ಮೀಟಿ ನೋಡಿ, "ಈಗ ಸರಿಹೋಯ್ತು ಸಾರ್" ಅನ್ನುತ್ತಿದ್ದ. ಒಮ್ಮೆ ತುಂಗಮ್ಮ ಗೇಟಿನ ಹತ್ತಿರ ಅವನನ್ನು ತಡೆದು, "ಸುಳ್ಳು ಯಾಕಪ್ಪಾ ಹೇಳ್ತೀಯ? ಗಾಜು ಗೀರಿದ ಹಾಗಿದೆ" ಎಂದರು. "ಗೊತ್ತಮ್ಮಾ," ಅವನು ದನಿ ತಗ್ಗಿಸಿದ, "ಪ್ರೆಸ್ ಸದ್ದಿಗೆ ಅವರ ಕಿವಿ ಹೋಗ್ತಾ ಇದೆ. ಟ್ರೆಬಲ್ಲು ಕೇಳಿಸ್ತಾ ಇಲ್ಲ. ಸ್ಟೇಜ್ ಮೇಲೆ ನಾನೇ ಕಮ್ಮಿ ಮಾಡ್ಕೋತೀನಿ." ತುಂಗಮ್ಮ ಒಳಗೆ ಬಂದರು. "ಹೇಗಿತ್ತೇ?" ಎಂದು ಸೇತುರಾಮಯ್ಯ ಕೇಳಿದರು. ತುಂಗಮ್ಮ ಅವರ ಎದುರಿಗೇ ಬಂದು ನಿಂತು, ತುಟಿ ಕಾಣುವ ಹಾಗೆ, "ತುಂಬಾ ಚೆನ್ನಾಗಿತ್ತು ರೀ" ಎಂದು ಜೋರಾಗಿ ಹೇಳಿದರು.