ಚೀಟಿ ಬಿಟ್ಟ ರೆಕಾರ್ಡುಗಳು

ಅಮೆರಿಕದ ಫ್ರಿಸ್ಕೋ ಊರಿನ ಮಗಳ ಮನೆಯಲ್ಲಿ ತುಂಗಮ್ಮನವರು ಮಾಡಿದ ತಪ್ಪೆಂದರೆ, ಹಳೆಯ ಗ್ರಾಮಫೋನ್ ರೆಕಾರ್ಡುಗಳನ್ನು ರೇಷ್ಮೆ ಸೀರೆಯಂತೆ ಒಗೆದದ್ದು. ಪಕ್ಕದ ಬೀದಿಯಲ್ಲಿ ಯಾರೋ ಮನೆಯ ಹಳೆ ಸಾಮಾನು ಮಾರುತ್ತಿದ್ದ ಗರಾಜ್ ಸೇಲಿನಲ್ಲಿ ಧೂಳು ತಿನ್ನುತ್ತಿದ್ದ ಹನ್ನೊಂದು ಕನ್ನಡ ರೆಕಾರ್ಡುಗಳನ್ನು ಅವರೇ ಹೊತ್ತು ತಂದಿದ್ದರು. ಮೈಸೂರಿನಲ್ಲಿ ಧಾರೆ ಸೀರೆಗೆ ಮಾಡುತ್ತಿದ್ದ ಹಾಗೆಯೇ ಅಂಟುವಾಳದ ನೊರೆನೀರು ಸೋಸಿ ಅದರಲ್ಲಿ ನೆನೆಹಾಕಿದರು. ಕೊಳೆ ಬಿಟ್ಟಿತು; ನಡುವಿನ ಹೆಸರಿನ ಚೀಟಿಗಳೂ ಬಿಟ್ಟವು.

ಅಳಿಯ ಶ್ರೀಕರ್ ನಕ್ಕ. "ಅತ್ತೆ, ಇನ್ನು ಯಾವುದು ಯಾವುದೂಂತ ದೇವರಿಗೂ ಗೊತ್ತಾಗಲ್ಲ. ಇವತ್ತು ಟ್ರ್ಯಾಶ್ ಗಾಡಿ ಬರತ್ತೆ, ಹಾಕಿಬಿಡೋಣ."

"ಚೀಟಿ ಹೋದ್ರೆ ಹಾಡೂ ಹೋಯ್ತೇನ್ರೀ? ಎರಡನೇ ಕ್ಲಾಸಿಗೇ ಸ್ಕೂಲು ಬಿಟ್ಟೋಳು, ನಾನು ಚೀಟಿ ಓದಿದ್ದು ಯಾವತ್ತು? ಒಂದೊಂದೇ ಹಾಕಿ. ಒಂದು ಗುರುತು ತಪ್ಪಿದ್ರೂ ಎಲ್ಲಾ ನಾನೇ ಬಿಸಾಕ್ತೀನಿ."

ಶ್ರೀಕರ್ ಷೋಕಿಗೆ ತಂದಿಟ್ಟಿದ್ದ ಪ್ಲೇಯರಿನ ಮುಳ್ಳು ಇಳಿಯಿತು. ಗಂಡನ ಕಾಫಿ ಹೋಟೆಲಿನಲ್ಲಿ ಇಪ್ಪತ್ತು ವರ್ಷ ಇಡ್ಲಿ ಹಿಟ್ಟು ರುಬ್ಬುತ್ತ, ಅಲ್ಲಿ ಹಾಕುತ್ತಿದ್ದ ರೆಕಾರ್ಡುಗಳನ್ನು ಕೇಳಿದ ಕಿವಿ ತುಂಗಮ್ಮನವರದು.

"ಹರಿಕಥೆ. ದಾಸರು ಈಗ ಕೆಮ್ತಾರೆ ನೋಡಿ," ಎಂದರು. ದಾಸರು ಕೆಮ್ಮಿದರು. ಶ್ರೀಕರನ ನಗು ನಿಂತಿತು.

ಹೀಗೆ ಒಂದೂ ಗುರುತು ತಪ್ಪದೆ ಹತ್ತು ಮುಗಿದವು. ಹನ್ನೊಂದನೆಯದರಲ್ಲಿ ಯಾರೋ ಹೆಂಗಸು ಹಾಡತೊಡಗಿದಳು. ತುಂಗಮ್ಮ ಬಗ್ಗಿ ಕಿವಿಗೊಟ್ಟರು; ಗುರುತು ಸಿಗಲಿಲ್ಲ. ಹೊರಗೆ ಕಸದ ಗಾಡಿಯ ಸದ್ದಾಯಿತು.

"ಸೋತ್ರಿ ಅತ್ತೆ!"

"ಎಪ್ಪತ್ತೆಂಟನೇ ವಯಸ್ಸಿಗೆ ಹೊಸ ಹಾಡು ಸಿಕ್ಕಿದೆ, ಇದು ಸೋಲೇನ್ರೀ?" ಸೆರಗು ಸಿಕ್ಕಿಸಿ ಪ್ಲೇಯರಿನ ಪಕ್ಕದಲ್ಲೇ ಕೂತರು. "ಗಾಡಿ ಹೋಗ್ಲಿ ಬಿಡಿ. ಮೊದಲಿಂದ ಹಾಕಿ, ಕಲೀತೀನಿ."