ತುರಿಕೆಯ ಗುಳಿಗೆ, ಅನ್ನಮ್ಮನ ಒಂದು ಸುಳ್ಳು

ಬೆಳಗಿನ ಐದೂಕಾಲು ಗಂಟೆ. ಹೈದರಾಬಾದಿನ ಮಲ್ಕಾಜ್‌ಗಿರಿ ರೈಲು ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಇಡ್ಲಿ ಬಂಡಿಯವನು ಇನ್ನೂ ಸ್ಟವ್ ಹೊತ್ತಿಸಿಲ್ಲ. ಎದುರಿನ ಕಟ್ಟಡದ ಮೇಲ್ಮಹಡಿಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಅದು ಡಯಾಲಿಸಿಸ್ ಕೇಂದ್ರ. ಹದಿನಾಲ್ಕು ಕುರ್ಚಿ, ಹದಿನಾಲ್ಕು ಯಂತ್ರ. ನೆಲ ಒರೆಸಿ, ಕುರ್ಚಿಗಳಿಗೆ ಒಗೆದ ಚಾದರ ಹಾಕಿ ಮುಗಿಸಿರುವ ಅನ್ನಮ್ಮ ಕೊಬ್ಬರಿ ಎಣ್ಣೆಯ ಬಾಟಲಿಯನ್ನು ಎರಡು ಅಂಗೈಗಳ ನಡುವೆ ಉಜ್ಜುತ್ತಾ ಕೂತಿದ್ದಾರೆ. ಡಿಸೆಂಬರಿನ ಚಳಿಗೆ ಎಣ್ಣೆ ಗಟ್ಟಿಯಾಗಿದೆ, ರೋಗಿಗಳು ಬರುವುದರೊಳಗೆ ಕರಗಬೇಕು.

ಮೊದಲ ಪಾಳಿಯವರು ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿ ಬರುತ್ತಾರೆ. ತೂಕದ ಯಂತ್ರದ ಮೇಲೆ ನಿಂತು ಇಳಿಯುತ್ತಾರೆ. ಆಮೇಲೆ ಯಾರೂ ಹೇಳದಿದ್ದರೂ ಅನ್ನಮ್ಮನ ಕಡೆ ಬೆನ್ನು ತಿರುಗಿಸಿ ಅಂಗಿ ಎತ್ತುತ್ತಾರೆ. ನಿವೃತ್ತ ರೈಲ್ವೆ ಗಾರ್ಡಿನಿಂದ ಹಿಡಿದು ತರಕಾರಿ ಮಾರುವಾಕೆಯವರೆಗೆ ಎಲ್ಲರೂ ಇಲ್ಲಿ ಶಾಲೆ ಮಕ್ಕಳೇ. ಅನ್ನಮ್ಮ ಬೆಚ್ಚಗಿನ ಎಣ್ಣೆ ಸುರಿದು, ಉಗುರು ತಾಗದಂತೆ, ಬರೀ ಅಂಗೈಯಲ್ಲಿ ಉಜ್ಜುತ್ತಾರೆ.

ಕಿಡ್ನಿ ಕೈಕೊಟ್ಟವರ ತುರಿಕೆಯನ್ನು ಸೊಳ್ಳೆ ಕಚ್ಚಿದ ತುರಿಕೆಯ ಜೊತೆ ಹೋಲಿಸಬಾರದು. ಅದು ಚರ್ಮದ ಮೇಲಿರುವುದಿಲ್ಲ, ಒಳಗೆಲ್ಲೋ ಇರುತ್ತದೆ. ತುರಿಸಿದರೆ ರಕ್ತ ಬರುತ್ತದೆಯೇ ಹೊರತು ತುರಿಕೆ ಹೋಗುವುದಿಲ್ಲ. ಮನೆಯವರು ಮೊದಲ ವಾರ ಅಯ್ಯೋ ಅನ್ನುತ್ತಾರೆ, ಎರಡನೇ ತಿಂಗಳಿಗೆ ಬೇರೆ ಕೋಣೆಯಲ್ಲಿ ಹಾಸಿಗೆ ಹಾಸುತ್ತಾರೆ.

“ಒಬ್ಬೊಬ್ಬರ ಕೈಯಾಗ ಒಂದೊಂದು ಹತ್ಯಾರ ಇರ್ತೈತ್ರಿ” ಎನ್ನುತ್ತಾರೆ ಅನ್ನಮ್ಮ. “ಒಬ್ರು ಹಣಿಗಿ ತರ್ತಾರ, ಒಬ್ರು ಪಾತ್ರಿ ತಿಕ್ಕೋ ನಾರು ತರ್ತಾರ. ಒಬ್ಬ ಸಾಹೇಬ್ರು ದ್ವಾಸಿ ತಿರುವೋ ಸೌಟು ತಂದಿದ್ರು, ಆಫೀಸ್ ಬ್ಯಾಗಿನಾಗ! ಎಲ್ಲಾ ಕಸಗೊಂಡು ಇಟ್ಟೀನಿ. ಮ್ಯೂಸಿಯಂ ಮಾಡಬೋದು.”

ದಿನಕ್ಕೆ ಮೂರು ಪಾಳಿ, ನಲವತ್ತೆರಡು ಜನ. ಅನ್ನಮ್ಮನ ಲೆಕ್ಕದಲ್ಲಿ ಅವರಲ್ಲಿ ಹದಿನೇಳು ಮಂದಿಗೆ ತುರಿಕೆ, ಆರು ಮಂದಿಗೆ ಅಂಗಾಲು ಉರಿ. ಕೇಂದ್ರದ ರಿಜಿಸ್ಟರಿನಲ್ಲಿ ತೂಕಕ್ಕೆ ಕಾಲಂ ಇದೆ, ರಕ್ತದೊತ್ತಡಕ್ಕೆ ಇದೆ, ಯಂತ್ರದ ನಂಬರಿಗೂ ಇದೆ. ತುರಿಕೆಗೆ ಇಲ್ಲ. ಆ ಕಾಲಂ ಅನ್ನಮ್ಮನ ತಲೆಯೊಳಗಿದೆ. ಅವರ ಹುದ್ದೆಯ ಹೆಸರು ‘ಆಯಾ’. ಕೆಲಸದ ಪಟ್ಟಿಯಲ್ಲಿ ಬರೆದಿರುವುದು ನೆಲ, ಚಾದರ, ಕಸದ ಬುಟ್ಟಿ. ಎಣ್ಣೆ ಹಚ್ಚು ಎಂದು ಯಾರೂ ಹೇಳಿಲ್ಲ, ಹಚ್ಚಬೇಡ ಎಂದೂ ಹೇಳಿಲ್ಲ.

ಸುರಪುರದ ಕಡೆಯ ಅನ್ನಮ್ಮ ಹತ್ತೊಂಬತ್ತನೇ ವಯಸ್ಸಿಗೆ ಗಂಡ ಗುರುಶಾಂತನ ಜೊತೆ ಹೈದರಾಬಾದಿಗೆ ಬಂದವರು. ಕೊಂಡಾಪುರದ ಗಾಜಿನ ಕಟ್ಟಡಗಳು ಇನ್ನೂ ಬರೀ ಕಂಬಗಳಾಗಿದ್ದಾಗ ಅವುಗಳಿಗೆ ಕಾಂಕ್ರೀಟು ಹೊತ್ತಿದ್ದಾರೆ. ನಲವತ್ತು ದಾಟುವ ಮೊದಲೇ ಗುರುಶಾಂತನ ಕಿಡ್ನಿ ಹೋಯಿತು. ಎರಡು ವರ್ಷ ಇದೇ ಕೇಂದ್ರದಲ್ಲಿ, ಇದೇ ಸಾಲಿನಲ್ಲಿ ಗಂಡನ ಪಕ್ಕ ಕೂತು ಹಣಿಗೆಯಿಂದ ಬೆನ್ನು ಕೆರೆದಿದ್ದಾರೆ. ಆತ ತೀರಿಕೊಂಡ ಇಪ್ಪತ್ತು ದಿನಕ್ಕೆ ಮ್ಯಾನೇಜರ್ ಫೋನು ಮಾಡಿ, ಕಸ ಹೊಡೆಯುವಾಕೆ ಬಿಟ್ಟುಹೋಗಿದ್ದಾಳೆ, ಬರುತ್ತೀಯಾ ಎಂದು ಕೇಳಿದರು. ಬಂದರು. ಅದಕ್ಕೆ ಈಗ ಹನ್ನೊಂದು ವರ್ಷ.

“ಆವಾಗ ಯಾರೂ ಗುಳಿಗಿ ಸುದ್ದಿ ತಗೀಲಿಲ್ರಿ. ತುರಿಕಿ ಇರೋದ, ತಡಕೋಬೇಕು ಅಂದ್ರು. ತಡಕೊಂಡ, ಪಾಪ.”

ಗುಳಿಗೆಯ ಸುದ್ದಿ ತಂದವರು ನಾಲ್ಕು ವರ್ಷದ ಹಿಂದೆ ಇಲ್ಲಿಗೆ ಬಂದ ಕಿಡ್ನಿ ತಜ್ಞ ಡಾ. ಸೀತಾರಾಮ. ಡಾಕ್ಸೆಪಿನ್ ಎಂಬ ಹಳೆಯ ಔಷಧಿ. ಹುಟ್ಟಿದ್ದು ಖಿನ್ನತೆಗೆಂದು. ಆದರೆ ಬಹಳ ಕಡಿಮೆ ಪ್ರಮಾಣದಲ್ಲಿ ಕೊಟ್ಟರೆ ಇಂಥ ತುರಿಕೆಗೂ ಆಗುತ್ತದೆ. ಅದೇ ಮನೆತನದ ಇನ್ನೊಂದು ಗುಳಿಗೆಯನ್ನು ಸಕ್ಕರೆ ಕಾಯಿಲೆಯವರ ಅಂಗಾಲು ಉರಿಗೆ ಕೊಡುತ್ತಾರೆ. “ತುರಿಕೆ ಎಬ್ಬಿಸುವ ರಸಕ್ಕೆ ಇದು ಅಡ್ಡ ನಿಲ್ಲುತ್ತದೆ. ಎಲ್ಲರಿಗೂ ಒಗ್ಗುವುದಿಲ್ಲ. ಬಾಯಿ ಒಣಗುತ್ತದೆ, ಮಂಪರು ಬರುತ್ತದೆ, ಹೃದಯ ನೋಡಿಕೊಂಡೇ ಕೊಡಬೇಕು. ಆದರೆ ಒಗ್ಗಿದವರು ಮತ್ತೆ ಮನುಷ್ಯರಾಗುತ್ತಾರೆ” ಎನ್ನುತ್ತಾರೆ ಡಾಕ್ಟರು. ಚೀಟಿ ಬರೆಯುವುದು ಅವರ ಕೆಲಸ. ಚೀಟಿ ಔಷಧಿ ಅಂಗಡಿ ದಾಟಿ ಮನೆ ಸೇರುವಷ್ಟರಲ್ಲಿ ಏನೇನಾಗುತ್ತದೆ ಎಂಬುದು ಅನ್ನಮ್ಮನಿಗೆ ಗೊತ್ತು. ಅಂಗಡಿಯವನು ಚೀಟಿ ನೋಡುತ್ತಾನೆ, ತಲೆ ಎತ್ತಿ ಮುಖ ನೋಡುತ್ತಾನೆ, “ದಿಮಾಗ್ ಕಿ ಗೋಲಿ ಹೈ, ಕಿಸ್ಕು ಹೋನಾ?” ಎಂದು ನಾಲ್ಕು ಜನರ ಮುಂದೆ ಕೇಳುತ್ತಾನೆ. ತಲೆಯ ಗುಳಿಗೆ, ಯಾರಿಗೆ ಬೇಕು? ಮುಗಿಯಿತು. ಅರ್ಧ ಜನ ಚೀಟಿಯನ್ನು ಅಲ್ಲೇ ಮಡಚಿ ಜೇಬಿಗಿಟ್ಟು ಬರುತ್ತಾರೆ.

ಚಂದ್ರಾಮನದೂ ಹಾಗೇ ಆಯಿತು. ಗಾರೆ ಕೆಲಸದ ಚಂದ್ರಾಮ ಶಹಾಪುರದ ಕಡೆಯವನು, ಅನ್ನಮ್ಮನನ್ನು ಅಕ್ಕಾ ಎಂದೇ ಕರೆಯುತ್ತಿದ್ದ. ಎರಡು ವರ್ಷದ ಹಿಂದೆ ಅವನ ಹೆಂಡತಿ ಸಾವಿತ್ರಿಬಾಯಿ ಚೀಟಿ ಹಿಡಿದು ಅಂಗಡಿಯಿಂದ ವಾಪಸು ಬಂದು ಮೆಟ್ಟಿಲ ಮೇಲೆ ಕೂತು ಅತ್ತಳು. ಮಗಳು ಸುವರ್ಣಾಗೆ ಗಂಡು ಗೊತ್ತಾಗಿತ್ತು. ಕಿಡ್ನಿ ಹೋದ ಮಾವನನ್ನು ಬೀಗರು ಹೇಗೋ ಒಪ್ಪಿಕೊಂಡಿದ್ದರು. ಹುಚ್ಚಿನ ಗುಳಿಗೆ ನುಂಗುವ ಮಾವನನ್ನು ಒಪ್ಪುತ್ತಾರೆಯೇ? ಬಾಯಿ ಬಿಟ್ಟರೆ ಬಣ್ಣಗೇಡು.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಗಾದೆ ಇದೆ. ಅನ್ನಮ್ಮ ಹೇಳಿದ್ದು ಒಂದೇ. ತಾವೇ ಇನ್ನೊಂದು ಅಂಗಡಿಯಿಂದ ಗುಳಿಗೆ ತಂದು, ಅಲ್ಯೂಮಿನಿಯಂ ಹಾಳೆಯಿಂದ ಒಂದೊಂದನ್ನೇ ಬಿಡಿಸಿ, ಹೆಸರಿಲ್ಲದ ಡಬ್ಬಿಗೆ ಹಾಕಿ ಸಾವಿತ್ರಿಬಾಯಿಯ ಕೈಗೆ ಕೊಟ್ಟರು. “ಯಾರರ ಕೇಳಿದ್ರ ನಿದ್ದಿ ಗುಳಿಗಿ ಅನ್ನು. ಅಂಗಡಿಯಾಂವಗ ಏನ್ ತಿಳಿತೈತಿ? ಇದು ಬರೀ ನಿದ್ದಿ ಗುಳಿಗಿ.” ಗಂಡ ಹೆಂಡತಿ ಇಬ್ಬರೂ ಅದನ್ನೇ ನಂಬಿದರು. ಮಂಪರು ಬರುತ್ತಿದ್ದದ್ದೂ ನಿಜವೇ ಆದ್ದರಿಂದ ಸುಳ್ಳಿಗೆ ಸಾಕ್ಷಿಯೂ ಸಿಕ್ಕಿತು.

ಹತ್ತು ದಿನದಲ್ಲಿ ಚಂದ್ರಾಮನ ತುರಿಕೆ ಅರ್ಧಕ್ಕಿಳಿಯಿತು. ಅವನು ಅದರ ಶ್ರೇಯಸ್ಸನ್ನು ಯಾರಿಗೆ ಕೊಟ್ಟ ಗೊತ್ತೇ? “ನಿನ್ನ ಎಣ್ಣಿ ಮಹಿಮಿ ನೋಡಕ್ಕಾ” ಎಂದ. ಇಡೀ ಪಾಳಿಗೆ ಕೇಳುವಂತೆ ಹೇಳಿದ.

“ನನಗ ಭಾಳ ಖುಷಿ ಆತ್ರಿ” ಎನ್ನುವಾಗ ಅನ್ನಮ್ಮ ತಲೆ ಎತ್ತುವುದಿಲ್ಲ. “ಅಲ್ಲೋ, ಅದು ಗುಳಿಗಿಂದ ಅಂತ ಹೇಳಬೇಕಿತ್ತು. ಹೇಳಲಿಲ್ಲ. ಅಲ್ಲಿತನಕ ಯಾರೂ ಹಂಗ ಹೊಗಳಿದ್ದಿಲ್ಲ.”

ಗಾರೆ ಕೆಲಸ ಮಾಡಲಾಗದ ಚಂದ್ರಾಮನಿಗೆ ಅದೇ ಚಳಿಗಾಲದಲ್ಲಿ ಕೊಂಡಾಪುರದ ಅಪಾರ್ಟ್‌ಮೆಂಟೊಂದರಲ್ಲಿ ವಾಚ್‌ಮನ್ ಕೆಲಸ ಸಿಕ್ಕಿತು. ವಾಚ್‌ಮನ್ ಆದವನು ನಿದ್ದೆ ಗುಳಿಗೆ ನುಂಗುತ್ತಾನೆಯೇ? ಸಾವಿತ್ರಿಬಾಯಿ ಡಬ್ಬಿಯನ್ನು ಎತ್ತಿ ಮೇಲಿಟ್ಟಳು. ಅದು ತುರಿಕೆಯ ಗುಳಿಗೆ ಎಂದು ಗೊತ್ತಿದ್ದರೆ ಅವರು ಡಾಕ್ಟರನ್ನು ಕೇಳುತ್ತಿದ್ದರು, ಡಾಕ್ಟರು ಬೇರೆ ದಾರಿ ಹೇಳುತ್ತಿದ್ದರು. ಯಾರೂ ಕೇಳಲಿಲ್ಲ. ತುರಿಕೆ ಮರಳಿ ಬಂತು. ಚಳಿಗೆ ಚರ್ಮ ಒಡೆದಿರಬೇಕೆಂದುಕೊಂಡ ಅನ್ನಮ್ಮ ಇನ್ನೊಂದಿಷ್ಟು ಎಣ್ಣೆ ಹಚ್ಚಿದರು.

ಡಯಾಲಿಸಿಸ್ ರೋಗಿಯ ತೋಳಿನಲ್ಲಿ ರಕ್ತನಾಳಗಳನ್ನು ಕೂಡಿಸಿ ಒಂದು ದಾರಿ ಮಾಡಿರುತ್ತಾರೆ, ಫಿಸ್ಟುಲಾ ಅಂತ. ಬೆರಳಿಟ್ಟರೆ ಒಳಗೆ ರಕ್ತ ಗುರುಗುಟ್ಟುವುದು ತಿಳಿಯುತ್ತದೆ. ಅವರ ಜೀವ ಅಲ್ಲಿರುತ್ತದೆ. ಅಲ್ಲಿನ ಸೂಜಿ ಗಾಯದ ಹಕ್ಕಳೆ ಕಿತ್ತರೆ ರಕ್ತ ನಲ್ಲಿ ಬಿಟ್ಟಂತೆ ಹರಿಯುತ್ತದೆ. ಚಂದ್ರಾಮ ಕೆಲಸಕ್ಕೆ ಸೇರಿದ ಹನ್ನೊಂದನೇ ದಿನ, ಗೇಟಿನ ಪಕ್ಕದ ಕುರ್ಚಿಯಲ್ಲಿ ಕೂತಿದ್ದವನನ್ನು ಹಾಲಿನವನು ಎಬ್ಬಿಸಲು ಹೋಗಿ, ಕುರ್ಚಿಯ ಕೆಳಗಿನ ರಕ್ತ ಕಂಡು ಕೂಗಿಕೊಂಡ. ಇಲ್ಲಿ ಆರನೇ ನಂಬರಿನ ಕುರ್ಚಿ ಅವತ್ತು ಮಧ್ಯಾಹ್ನದವರೆಗೂ ಖಾಲಿ ಇತ್ತು.

ಎಂಟು ದಿನದ ಮೇಲೆ ಕಾಗದಪತ್ರಕ್ಕೆಂದು ಬಂದ ಸಾವಿತ್ರಿಬಾಯಿ ಇದೇ ಮೆಟ್ಟಿಲ ಮೇಲೆ ಕುಸಿದು ಕೂತಳು. “ನಾನ ಬಿಡಿಸಿದೆ ಅಕ್ಕಾ. ನಿದ್ದಿ ಬರ್ತೈತಿ, ನೌಕರಿ ಹೋಗ್ತೈತಿ ಅಂತ ಗುಳಿಗಿ ನಾನ ಬಿಡಿಸಿದೆ. ನಿದ್ದಿಗೆಟ್ಟ ಹೋತು ಜೀವ.” ಅನ್ನಮ್ಮ ನೀರು ಕೊಟ್ಟರು, ಸೆರಗಿನಿಂದ ಮುಖ ಒರೆಸಿದರು, ಬಸ್ ಹತ್ತಿಸಿ ಬಂದರು. ಬಾಯಿ ಮಾತ್ರ ಬಿಡಲಿಲ್ಲ. ಸುವರ್ಣಾಳ ಮದುವೆ ಆಯಿತು. ಸಾವಿತ್ರಿಬಾಯಿ ಊರು ಸೇರಿದಳು.

ಆಮೇಲಿನ ಅನ್ನಮ್ಮನನ್ನು ಕಂಡವರು ಟೆಕ್ನಿಷಿಯನ್ ಶ್ರೀನಿವಾಸ. “ಅನ್ನಮ್ಮ ಆ ಆರನೇ ಕುರ್ಚಿಯನ್ನು ಒರೆಸಿದ್ದನ್ನೇ ಒರೆಸುತ್ತಿದ್ದರು. ಊಟ ಬಿಟ್ಟಿದ್ದರು. ನಾವು ವಯಸ್ಸಾಯಿತು ಅಂದುಕೊಂಡೆವು” ಎಂದು ಅವರು ನೆನೆಯುತ್ತಾರೆ. ಅಂದುಕೊಳ್ಳುವುದು ಸುಲಭ. ಕಸ ಹೊಡೆಯುವಾಕೆಯ ಎದೆಯೊಳಗೆ ಏನಿದೆ ಎಂದು ಯಾವ ಕೇಂದ್ರದಲ್ಲಿ ಯಾರು ಕೇಳುತ್ತಾರೆ?

ಇವತ್ತಿನ ಪಾಳಿಯಲ್ಲಿ ಪಾರ್ವತಿಬಾಯಿ ಬಂದಿದ್ದಾರೆ. ಬೀದರಿನ ಕಡೆಯವರು, ವಯಸ್ಸು ಐವತ್ತೆಂಟು. ಗಂಡ ಸೂಗಪ್ಪ ರೈಲ್ವೆಯಲ್ಲಿದ್ದು ನಿವೃತ್ತರಾದವರು. ಮೂರು ವಾರದ ಹಿಂದಿನ ಚೀಟಿ ಸೂಗಪ್ಪನವರ ಜೇಬಿನಲ್ಲೇ ನಾಲ್ಕು ಮಡಿಕೆಯಾಗಿ ಕೂತಿದೆ. ಪಾರ್ವತಿಬಾಯಿಯ ಎಡದೋಳಿನಲ್ಲಿ, ಫಿಸ್ಟುಲಾದಿಂದ ಎರಡು ಬೆರಳು ಮೇಲೆ, ಹೊಸದಾಗಿ ಕೆರೆದ ಗೀರುಗಳಿವೆ. ಅನ್ನಮ್ಮ ಅದನ್ನು ನೋಡಿದವರೇ ಎಣ್ಣೆಯ ಬಾಟಲಿ ಕೆಳಗಿಡುತ್ತಾರೆ.

“ಗುಳಿಗಿ ಯಾಕ ತಗೊಂಡಿಲ್ರಿ?”

“ಅದು ಪಿಚ್ಚಿ ಮಂದು ಅಂತಲ್ಲ” ಎನ್ನುತ್ತಾರೆ ಸೂಗಪ್ಪ, ದನಿ ತಗ್ಗಿಸಿ. “ಅಂಗಡಿಯಾಂವ ಹೇಳಿದ. ಹುಚ್ಚರಿಗಿ ಕೊಡೂದಂತ. ನಮ್ಮ ಮನ್ಯಾಗ ಯಾರಿಗೂ ಹಂಗ ಇಲ್ಲವ್ವಾ.”

“ಖರೇ ಐತ್ರಿ. ಮನಸ್ಸಿನ ಬ್ಯಾನಿಗೂ ಕೊಡ್ತಾರ. ತುರಿಕಿಗೂ ಕೊಡ್ತಾರ. ಇವರಿಗೆ ತುರಿಕಿಗೆ ಬರದಾರ, ಭಾಳ ಸಣ್ಣ ಡೋಸು. ಮಂಪರ ಬಂದ್ರ, ಬಾಯಿ ಒಣಗಿದ್ರ ಡಾಕ್ಟರಿಗೆ ಹೇಳ್ರಿ. ನಿಮ್ಮಷ್ಟಕ್ಕ ನೀವ ಬಿಡಬ್ಯಾಡ್ರಿ.”

“ನೀ ಹೇಳ್ತಿ. ನಾಳಿ ಓಣ್ಯಾಗ ಸುದ್ದಿ ಆದ್ರ?”

ಅನ್ನಮ್ಮ ಎಣ್ಣೆಗೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ. ಆಮೇಲೆ, ಯಾವ ಪೀಠಿಕೆಯೂ ಇಲ್ಲದೆ, “ಅದ ಗುಳಿಗಿ ನಾನೂ ತಗೋತೀನ್ರಿ. ಒಂದೂವರಿ ವರ್ಷ ಆತು” ಎನ್ನುತ್ತಾರೆ.

“ನಿನಗೂ ತುರಿಕಿ ಏನವಾ?” ಪಾರ್ವತಿಬಾಯಿ ಕೇಳುತ್ತಾರೆ.

“ಇಲ್ಲರಿ ಬಾಯಾರ. ನಂದು ತುರಿಕಿಗಲ್ಲ.”

ಎರಡು ಕುರ್ಚಿಯಾಚೆ ಸೂಜಿ ಸಿದ್ಧ ಮಾಡುತ್ತಿದ್ದ ಶ್ರೀನಿವಾಸನ ಕೈ ನಿಲ್ಲುತ್ತದೆ. ಡಾಕ್ಟರಿಗೆ ಬಿಟ್ಟು ಈ ಮಹಡಿಯಲ್ಲಿ ಇದುವರೆಗೆ ಯಾರಿಗೂ ಇದು ಗೊತ್ತಿರಲಿಲ್ಲ. ಪಾರ್ವತಿಬಾಯಿ ಅನ್ನಮ್ಮನನ್ನು ಕಾಲಿನಿಂದ ತಲೆಯವರೆಗೆ ನೋಡುತ್ತಾರೆ. ಎಷ್ಟೋ ಬೆಳಗು ತಮ್ಮ ಬೆನ್ನು ಉಜ್ಜಿದ ಕೈಯನ್ನು ಈಗ ಹೊಸದಾಗಿ ಕಂಡವರಂತೆ ನೋಡುತ್ತಾರೆ. ಬೆನ್ನು ತಿರುಗಿಸುವುದಿಲ್ಲ. ಕೊನೆಗೆ ಸೂಗಪ್ಪ ಜೇಬಿನಿಂದ ಚೀಟಿ ತೆಗೆದು ಮಡಿಕೆ ಬಿಡಿಸುತ್ತಾ ಮೆಟ್ಟಿಲ ಕಡೆ ನಡೆಯುತ್ತಾರೆ. ಇಪ್ಪತ್ತು ನಿಮಿಷದ ಮೇಲೆ ಹತ್ತು ಗುಳಿಗೆ ಹಿಡಿದು ಬರುತ್ತಾರೆ. ಅಲ್ಯೂಮಿನಿಯಂ ಹಾಳೆಯ ಮೇಲೆ ಹೆಸರು ಪೂರ್ತಿ ಕಾಣುತ್ತಿದೆ. ಗುಳಿಗೆ ಪಾರ್ವತಿಬಾಯಿಗೆ ಒಗ್ಗುತ್ತದೋ ಇಲ್ಲವೋ ತಿಳಿಯಲು ಇನ್ನೂ ವಾರ ಬೇಕು. ಅಲ್ಲಿಯವರೆಗೆ ಆ ತೋಳಿಗೆ ಹತ್ತಿಯ ಬಟ್ಟೆ ಸುತ್ತಿ ಕಳಿಸುತ್ತಾರೆ ಅನ್ನಮ್ಮ.

ಪಾಳಿ ಮುಗಿದ ಮೇಲೆ, ಚಾದರಗಳನ್ನು ಒಟ್ಟುಮಾಡುತ್ತಿದ್ದ ಅವರನ್ನು ಕೇಳಬೇಕಾಗುತ್ತದೆ: ಇದನ್ನೆಲ್ಲ ಪತ್ರಿಕೆಯಲ್ಲಿ ಬರೆಯುವುದೇ? ಬೇಕಾದರೆ ಹೆಸರು ಬದಲಿಸಬಹುದು, ನೀವು ನುಂಗುವ ಗುಳಿಗೆಯ ಸಂಗತಿ ಬಿಡಬಹುದು.

ಅನ್ನಮ್ಮ ಚಾದರಗಳ ಗಂಟು ಬಿಗಿದು ನೆಲದ ಮೇಲಿಡುತ್ತಾರೆ. ಸಾವಿತ್ರಿಬಾಯಿಗೆ ನಿಜ ಹೇಳಲೆಂದು ಎರಡು ಸಲ ಫೋನು ಮಾಡಿದ್ದರಂತೆ. ಆ ಕಡೆಯಿಂದ “ಅಕ್ಕಾ” ಎಂಬ ದನಿ ಕೇಳಿದ ಕೂಡಲೇ ಆರಾಮ ಇದ್ದೀ ಏನು ಎಂದಷ್ಟೇ ಕೇಳಿ ಇಟ್ಟುಬಿಟ್ಟರಂತೆ.

“ಹೆಸರು ಬದಲಿ ಮಾಡಬ್ಯಾಡ್ರಿ” ಎನ್ನುತ್ತಾರೆ. “ನಿದ್ದಿ ಗುಳಿಗಿ ಅಂತ ಸುಳ್ಳ ಹೇಳಿದಾಕಿ ಅನ್ನಮ್ಮ ಅಂತ ಬರೀರಿ. ಗುಳಿಗಿ ಬಿಡಿಸಿದಾಕಿದು ಏನೂ ತಪ್ಪಿಲ್ಲ ಅಂತ ಬರೀರಿ. ದೊಡ್ಡ ಅಕ್ಷರದಾಗ ಬರೀರಿ. ಸಾವಿತ್ರಿಬಾಯಿಗೆ ಕನ್ನಡ ಓದಾಕ ಬರ್ತೈತಿ.”